ಕೈಮುಗಿದು ನಿಂತ ಮನೆಗಳು

ಕಾಗದದ ಮೇಲೆ ಒಂದು ಸಮಬಾಹು ತ್ರಿಭುಜ ಬರೆಯಿರಿ. ಮೂರೂ ಬಾಹುಗಳು ಒಂದೇ ಅಳತೆ, ಮೂರೂ ಕೋನಗಳು 60 ಡಿಗ್ರಿ. ಅದರ ಕೆಳಗೊಂದು ಗಿಡ್ಡ ಆಯತ ಸೇರಿಸಿ. ತ್ರಿಭುಜದ ಹೊಟ್ಟೆಯಲ್ಲಿ ಒಂದರ ಮೇಲೊಂದರಂತೆ ಪುಟ್ಟ ಪುಟ್ಟ ಕಿಟಕಿಗಳನ್ನು ಕೊರೆಯಿರಿ. ಅಲ್ಲಿಗೆ ಜಪಾನಿನ ಶಿರಕಾವಗೋ ಕಣಿವೆಯ ಮನೆಯೊಂದರ ಚಿತ್ರ ಸಿದ್ಧವಾಯಿತು. ಈ ಬಗೆಯ ಮನೆಗೆ ಅಲ್ಲಿಯವರು ‘ಗಸ್ಶೋ’ ಎನ್ನುತ್ತಾರೆ. ಎರಡು ಅಂಗೈಗಳನ್ನು ಜೋಡಿಸಿ ಕೈಮುಗಿಯುವುದು ಎಂದು ಅದರ ಅರ್ಥ. ಬೌದ್ಧರು ಪ್ರಾರ್ಥನೆಗೆ ಕೈಜೋಡಿಸುವಂತೆ ಮಾಡಿನ ಎರಡು ಇಳಿಜಾರುಗಳು ಆಕಾಶಕ್ಕೆ ಕೈಮುಗಿದು ನಿಂತಿವೆ.

ಜಪಾನ್ ಎಂದೊಡನೆ ನಮಗೆ ನೆನಪಾಗುವುದು ಬಾಣದಂತೆ ಹಾರುವ ರೈಲು, ಕೈಗಡಿಯಾರ, ಕಾರು, ಕ್ಯಾಮೆರಾ. ಅದೇ ದೇಶದ ನಡುಭಾಗದಲ್ಲಿ, ಗಿಫು ಮತ್ತು ತೊಯಾಮಾ ಎಂಬ ಎರಡು ಪ್ರಾಂತಗಳ ಗಡಿಯ ಬೆಟ್ಟಗಳೊಳಗೆ, ಶೋ ಎಂಬ ನದಿಯ ದಂಡೆಯಲ್ಲಿ ಹುಲ್ಲುಮಾಡಿನ ಹಳ್ಳಿಗಳು ಇಂದಿಗೂ ಇವೆ. ಅವುಗಳಲ್ಲಿ ಮೂರನ್ನು 1995ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿರಕಾವದ ಒಗಿಮಾಚಿ, ಗೊಕಯಾಮಾದ ಐನೊಕುರಾ ಮತ್ತು ಸುಗನುಮಾ. ಆಗಿನ ಲೆಕ್ಕದಂತೆ ಒಗಿಮಾಚಿಯಲ್ಲಿ 59, ಐನೊಕುರಾದಲ್ಲಿ 20, ಸುಗನುಮಾದಲ್ಲಿ 9 ಗಸ್ಶೋ ಮನೆಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯ 93 ಹಳ್ಳಿಗಳಲ್ಲಿ ಇಂಥ 1,800ಕ್ಕೂ ಹೆಚ್ಚು ಮನೆಗಳಿದ್ದವು. ಉಳಿದವು ಎಲ್ಲಿ ಹೋದವು, ಇವು ಹೇಗೆ ಉಳಿದವು ಎನ್ನುವುದೇ ಇಲ್ಲಿಯ ಕಥೆ.

ಹಿಮ ಕಲಿಸಿದ ರೇಖಾಗಣಿತ

ಚಳಿಗಾಲದಲ್ಲಿ ಸೈಬೀರಿಯಾದ ಕಡೆಯಿಂದ ಹೊರಡುವ ಒಣ ತಂಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ನೀರನ್ನು ಹೀರಿಕೊಂಡು ಬರುತ್ತದೆ. ದಡ ಸೇರಿದೊಡನೆ ಎದುರಾಗುವುದು ಬೆಟ್ಟಗಳ ಗೋಡೆ. ಕಣಿವೆಯ ಪಶ್ಚಿಮಕ್ಕೆ 2,702 ಮೀಟರ್ ಎತ್ತರದ ಹಾಕುಸಾನ್ ಶಿಖರವಿದೆ. ನಮ್ಮ ಮುಂಗಾರಿನ ಮೋಡಗಳು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಆಗುಂಬೆಯಲ್ಲಿ ಮಳೆ ಸುರಿಸುವುದನ್ನು ಭೂಗೋಳದ ಪಾಠದಲ್ಲಿ ಓದಿದ್ದೀರಲ್ಲ, ಅದೇ ಲೆಕ್ಕ. ಆದರೆ ಇಲ್ಲಿ ಸುರಿಯುವುದು ಮಳೆಯಲ್ಲ, ಹಿಮ. ಒಂದೆರಡು ಅಡಿಯಲ್ಲ, ಆಳೆತ್ತರ. 2006ರ ಫೆಬ್ರುವರಿಯಲ್ಲಿ ನೆಲದ ಮೇಲೆ ಕುಳಿತ ಹಿಮ ಹೆಚ್ಚುಕಡಿಮೆ ಮೂರು ಮೀಟರ್ ಮುಟ್ಟಿತ್ತು.

ಇಂಥ ಊರಿನಲ್ಲಿ ಚಪ್ಪಟೆ ಮಾಡು ಕಟ್ಟಿದವನ ಮನೆ ಮೊದಲ ಚಳಿಗಾಲಕ್ಕೇ ಕುಸಿಯುತ್ತದೆ. ಮಾಡು ಕಡಿದಾದಷ್ಟೂ ಹಿಮ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಜೊತೆಗೆ ದಿಕ್ಕಿನ ಲೆಕ್ಕಾಚಾರವೂ ಇದೆ. ಕಣಿವೆ ಉತ್ತರ-ದಕ್ಷಿಣವಾಗಿ ಮಲಗಿದೆ. ಗಾಳಿ ಬೀಸುವುದೂ ಆ ಹಾದಿಯಲ್ಲೇ. ಆದ್ದರಿಂದ ಒಗಿಮಾಚಿಯ ಮನೆಗಳೆಲ್ಲ ತಮ್ಮ ತ್ರಿಭುಜಾಕಾರದ ಮುಖವನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸಿ, ಸೈನಿಕರ ಸಾಲಿನಂತೆ ಒಂದೇ ದಿಕ್ಕಿಗೆ ನಿಂತಿವೆ. ಗಾಳಿ ಅಗಲವಾದ ಮಾಡಿಗೆ ಎದುರಾಗಿ ಹೊಡೆಯದೆ ಪಕ್ಕದಿಂದ ಸರಿದುಹೋಗುತ್ತದೆ. ಮಾಡಿನ ಒಂದು ಇಳಿಜಾರು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಒಂದಕ್ಕೆ, ಸಂಜೆಯದು ಇನ್ನೊಂದಕ್ಕೆ. ಹಿಮ ಎರಡೂ ಕಡೆ ಸಮನಾಗಿ ಕರಗುತ್ತದೆ, ಹುಲ್ಲು ಸಮನಾಗಿ ಒಣಗುತ್ತದೆ. ಇದನ್ನು ಕಟ್ಟಿದವರು ಯಾವ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ.

ಇನ್ನೂ ಸೊಗಸಾದ ಸಂಗತಿ ಎಂದರೆ ಮನೆಯ ಕೆಳಗಿನ ಅಂತಸ್ತು ಮತ್ತು ಮೇಲಿನ ಮಾಡು ಎರಡು ಬೇರೆ ಬೇರೆ ಕೈಗಳ ಕೆಲಸ. ಕೆಳಗಿನ ಚೌಕಟ್ಟನ್ನು ನುರಿತ ಬಡಗಿಗಳು ಕಟ್ಟುತ್ತಿದ್ದರು. ಈ ಹಿದಾ ಸೀಮೆಯ ಬಡಗಿಗಳು ಜಪಾನಿನಾದ್ಯಂತ ಹೆಸರುವಾಸಿ. ಮಾಡನ್ನು ಮಾತ್ರ ಊರವರೇ ಸೇರಿ ಏರಿಸುತ್ತಿದ್ದರು. ಮಾಡಿನ ದೊಡ್ಡ ತೊಲೆಗಳ ಬುಡವನ್ನು ಪೆನ್ಸಿಲಿನ ಮೊನೆಯಂತೆ ಚೂಪು ಮಾಡಿ, ಅಡ್ಡತೊಲೆಯ ಗುಳಿಯಲ್ಲಿ ಸುಮ್ಮನೆ ಕೂರಿಸುತ್ತಾರೆ. ಮೊಳೆಯಿಲ್ಲ, ಕಬ್ಬಿಣದ ಪಟ್ಟಿಯಿಲ್ಲ. ತೊಲೆಗಳನ್ನು ಬಿಗಿಯುವುದು ಹುಲ್ಲಿನ ಹಗ್ಗ ಮತ್ತು ಒಂದು ಬಗೆಯ ಕಾಡುಗಿಡದ ಎಳೆಯ ಕೊಂಬೆಗಳು. ಹಸಿಯಾಗಿದ್ದಾಗ ಅವನ್ನು ತಿರುಚಿ ಸುತ್ತಿದರೆ ಒಣಗುತ್ತ ಒಣಗುತ್ತ ಬಿಗಿಯಾಗುತ್ತವೆ. ಗಾಳಿ ಬೀಸಿದಾಗ, ಭೂಮಿ ನಡುಗಿದಾಗ ಇಡೀ ಮಾಡು ಒಂದಿಷ್ಟು ತೂಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಎಳೆಯ ವಯಸ್ಸಿನಲ್ಲೇ ಹಿಮದ ಭಾರಕ್ಕೆ ಬುಡ ಬಾಗಿ ಬೆಳೆದ ಮರಗಳಿರುತ್ತವೆ. ಬೇರೆಯವರು ಸೊಟ್ಟ ಎಂದು ಬಿಡುವ ಆ ಮರವನ್ನೇ ಇಲ್ಲಿಯವರು ಹುಡುಕಿ ತಂದು ತೊಲೆ ಮಾಡುತ್ತಿದ್ದರು. ಬಾಗಿದ ತೊಲೆ ಮಾಡಿನ ಭಾರವನ್ನು ಕಂಬಕ್ಕೆ ಚೆನ್ನಾಗಿ ಇಳಿಸುತ್ತದೆ.

ಜರ್ಮನಿಯ ವಾಸ್ತುಶಿಲ್ಪಿ ಬ್ರೂನೊ ಟೌಟ್ 1933ರಲ್ಲಿ ತಾಯ್ನಾಡು ಬಿಟ್ಟು ಜಪಾನಿಗೆ ಬಂದವನು. 1935ರಲ್ಲಿ ಈ ಕಣಿವೆಗೆ ಬಂದು ಮನೆಗಳನ್ನು ನೋಡಿ ಬೆರಗಾದ. ಇಲ್ಲಿಯ ಮಾಡಿನ ರಚನೆ ತರ್ಕಬದ್ಧವಾಗಿದೆ, ಜಪಾನಿನಲ್ಲಿ ಇಂಥದ್ದು ಅಪರೂಪ ಎಂದು ಹೊಗಳಿದ. ಹೊರಗಿನ ವಿದ್ವಾಂಸನೊಬ್ಬ ಹೇಳಿದ ಮೇಲೆ ಪಟ್ಟಣದ ಜನರಿಗೆ ಅದು ಕಣ್ಣಿಗೆ ಬಿತ್ತು. ಎಲ್ಲ ದೇಶಗಳಲ್ಲೂ ನಡೆಯುವುದು ಹೀಗೆಯೇ ಎನ್ನಿ.

ಮಾಳಿಗೆಯಲ್ಲಿ ರೇಷ್ಮೆ, ನೆಲದಡಿ ಸಿಡಿಮದ್ದು

ಅಷ್ಟು ಎತ್ತರದ ಮಾಡಿನೊಳಗೆ ಏನಿತ್ತು? ಮೂರು, ನಾಲ್ಕು ಅಟ್ಟಗಳು. ಅವುಗಳ ತುಂಬ ರೇಷ್ಮೆಹುಳುಗಳು. ರಾಮನಗರ, ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ರೇಷ್ಮೆಹುಳದ ತಟ್ಟೆಗಳನ್ನು ಹೊಸದಾಗಿ ವಿವರಿಸಬೇಕಿಲ್ಲ. ಹುಳುವಿಗೆ ಬೆಚ್ಚಗಿನ ಜಾಗ ಬೇಕು, ಗಾಳಿಯಾಡಬೇಕು, ಬೆಳಕು ಹದವಾಗಿರಬೇಕು. ಗಸ್ಶೋ ಮನೆಯ ನಡುಮನೆಯಲ್ಲಿ ನೆಲಕ್ಕೆ ತೋಡಿದ ಚೌಕಾಕಾರದ ಒಲೆ ಹಗಲಿರುಳು ಉರಿಯುತ್ತಿತ್ತು. ಅಟ್ಟದ ನೆಲಕ್ಕೆ ಹಲಗೆಗಳನ್ನು ಒತ್ತಾಗಿ ಜೋಡಿಸದೆ ಸಂದು ಬಿಟ್ಟಿರುತ್ತಿದ್ದರು. ಒಲೆಯ ಬಿಸಿ ಆ ಸಂದಿನಿಂದ ಮೇಲೇರಿ ಹುಳುಗಳನ್ನು ಬೆಚ್ಚಗಿಡುತ್ತಿತ್ತು. ತ್ರಿಭುಜದ ಎರಡು ಮುಖಗಳ ಕಿಟಕಿಗಳಿಂದ ಗಾಳಿ ಬೆಳಕು. ಹೊಗೆ ಇನ್ನೂ ಮೇಲೆ ಹೋಗಿ ಹುಲ್ಲನ್ನು, ಹಗ್ಗವನ್ನು, ತೊಲೆಯನ್ನು ಕಪ್ಪಾಗಿಸಿ, ಹುಳುಹುಪ್ಪಟೆ ಹತ್ತದಂತೆ ಕಾಯುತ್ತಿತ್ತು. ಒಂದೇ ಒಲೆಯಿಂದ ಅಡುಗೆ, ಮನುಷ್ಯರಿಗೆ ಕಾವು, ರೇಷ್ಮೆಗೆ ಕಾವು, ಮಾಡಿಗೆ ರಕ್ಷಣೆ!

ನೆಲದ ಕೆಳಗಿನ ಕಥೆ ಇನ್ನೂ ಸ್ವಾರಸ್ಯದ್ದು. ರಸಾಯನಶಾಸ್ತ್ರ ಓದುವವರು ಇಲ್ಲಿ ತುಸು ಗಮನವಿಡಿ. ಬಂದೂಕಿನ ಮದ್ದಿಗೆ ಇದ್ದಿಲು, ಗಂಧಕ ಮತ್ತು ಪೆಟ್ಲುಪ್ಪು ಬೇಕು. ಪೆಟ್ಲುಪ್ಪೆಂದರೆ ಪೊಟ್ಯಾಸಿಯಂ ನೈಟ್ರೇಟ್. ಜಪಾನಿನಲ್ಲಿ ಅದರ ನಿಕ್ಷೇಪಗಳಿಲ್ಲ. ಗೊಕಯಾಮಾದ ಜನ ಅದನ್ನು ತಮ್ಮ ಮನೆಯ ನೆಲದಡಿಯೇ ‘ಬೆಳೆಯು’ತ್ತಿದ್ದರು. ಒಲೆಯ ಹತ್ತಿರ ಆಳವಾದ ಗುಂಡಿ ತೋಡಿ, ಒಣಮಣ್ಣು, ರೇಷ್ಮೆಹುಳುವಿನ ಹಿಕ್ಕೆ, ಕಾಡುಸೊಪ್ಪು, ಧಾನ್ಯದ ದಂಟು ಎಲ್ಲವನ್ನೂ ಪದರಪದರವಾಗಿ ತುಂಬಿ, ಮೂತ್ರ ಸುರಿದು, ಆಗಾಗ ಕೆದಕುತ್ತ ನಾಲ್ಕೈದು ವರ್ಷ ಬಿಡುವುದು. ಒಲೆಯ ಕಾವಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತಿದ್ದವು. ಆ ಮಣ್ಣನ್ನು ನೀರಿನಲ್ಲಿ ತೊಳೆದು, ಆ ನೀರಿಗೆ ಮರದ ಬೂದಿ ಸೇರಿಸಿ ಕುದಿಸಿದರೆ ಕೊನೆಗೆ ಹರಳು. ಬೂದಿಯಲ್ಲಿರುವ ಪೊಟ್ಯಾಷ್ ಏಕೆ ಬೇಕು ಎಂಬ ಪ್ರಶ್ನೆಯನ್ನು ನಿಮ್ಮ ಮೇಷ್ಟ್ರಿಗೆ ಬಿಟ್ಟಿದ್ದೇನೆ.

ಗೊಕಯಾಮಾ ಕಾಗಾ ಸಂಸ್ಥಾನದ ಮಯೆದಾ ದೊರೆಗಳ ಅಧೀನದಲ್ಲಿತ್ತು. ಪೆಟ್ಲುಪ್ಪಿನ ಗುಟ್ಟು ಹೊರಗೆ ಹೋಗಬಾರದು ಎನ್ನುವುದಕ್ಕೆ ಈ ದುರ್ಗಮ ಕಣಿವೆಗಿಂತ ಒಳ್ಳೆಯ ಪೆಟ್ಟಿಗೆ ಎಲ್ಲಿ ಸಿಗಬೇಕು? ಸಂಸ್ಥಾನದ ಅಪರಾಧಿಗಳನ್ನು ಗಡೀಪಾರು ಮಾಡುತ್ತಿದ್ದುದೂ ಇಲ್ಲಿಗೇ. ಅವರು ತಪ್ಪಿಸಿಕೊಳ್ಳದಿರಲೆಂದು ನದಿಗೆ ಸೇತುವೆಯನ್ನೇ ಕಟ್ಟಿರಲಿಲ್ಲ. ಹಗ್ಗಕ್ಕೆ ಬುಟ್ಟಿ ಕಟ್ಟಿ, ಅದರಲ್ಲಿ ಕುಳಿತು ಜನ ನದಿ ದಾಟುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಅಗ್ಗದ ಪೆಟ್ಲುಪ್ಪು ಹಡಗಿನಲ್ಲಿ ಬಂದಿಳಿಯಿತು. ಮನೆಯಡಿಯ ಗುಂಡಿಗಳು ಬರಿದಾದವು. ಇಪ್ಪತ್ತನೆಯ ಶತಮಾನದಲ್ಲಿ ನೈಲಾನು ಬಂದು ರೇಷ್ಮೆಯೂ ಸೊರಗಿತು.

ಈ ದೊಡ್ಡ ಮನೆಗಳಲ್ಲಿ ಎಷ್ಟು ಜನ ಇರುತ್ತಿದ್ದರು ಎಂದು ಕೇಳಿದರೆ ಇಂದಿನ ಮೂರು ಕೋಣೆಯ ಸಂಸಾರಗಳಿಗೆ ತಲೆ ತಿರುಗೀತು. ಕಣಿವೆಯ ಮೇಲ್ಭಾಗದ ಕೆಲವು ಹಳ್ಳಿಗಳಲ್ಲಿ ಒಂದೇ ಸೂರಿನಡಿ ಮೂವತ್ತು, ನಲವತ್ತು ಜನ! ಉಳುವ ನೆಲ ಅಂಗೈಯಗಲ. ಅದನ್ನೂ ಪಾಲು ಮಾಡಿದರೆ ಯಾರಿಗೂ ಏನೂ ಉಳಿಯದು. ಹಾಗಾಗಿ ಹಿರಿಯ ಮಗನಿಗಷ್ಟೇ ಮದುವೆಯಾಗಿ ಹೆಂಡತಿಯನ್ನು ಮನೆಗೆ ತರುವ ಹಕ್ಕು. ತಮ್ಮಂದಿರು, ತಂಗಿಯರು ಹುಟ್ಟಿದ ಮನೆಯಲ್ಲೇ ದುಡಿದು ಬಾಳಬೇಕು. ಅವರು ಜೊತೆಗಾರರನ್ನು ಕಂಡುಕೊಂಡರೂ ಬೇರೆ ಮನೆ ಹೂಡುವಂತಿರಲಿಲ್ಲ. ಮಕ್ಕಳು ತಾಯಿಯ ಮನೆಯಲ್ಲಿ ಬೆಳೆಯುತ್ತಿದ್ದರು. ಹಳೆಯ ಅವಿಭಕ್ತ ಕುಟುಂಬವನ್ನು ನೆನೆದು ನಿಟ್ಟುಸಿರು ಬಿಡುವವರು ಆ ತಮ್ಮಂದಿರ ಪಾಡನ್ನೂ ಒಮ್ಮೆ ಯೋಚಿಸುವುದು ಒಳ್ಳೆಯದು. ಮಿಬೊರೊ ಎಂಬಲ್ಲಿ 1827ರ ಸುಮಾರಿಗೆ ಕಟ್ಟಿದ ತೋಯಾಮಾ ಮನೆತನದ ಭಾರಿ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಅಲ್ಲಿ ನಿಂತರೆ ಆ ಗಿಜಿಗಿಜಿ ಕಲ್ಪನೆಗೆ ಬರುತ್ತದೆ.

ಒಂದು ದಿನ, ಒಂದು ಮಾಡು, ಇಡೀ ಊರು

ಹುಲ್ಲಿನ ಮಾಡಿಗೆ ಮೂವತ್ತು ನಲವತ್ತು ವರ್ಷ ಆಯುಸ್ಸು. ಆಮೇಲೆ ಹೊಸದಾಗಿ ಹೊದಿಸಲೇಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೆಂದೇ ‘ಯುಯಿ’ ಎಂಬ ಪದ್ಧತಿ ಇದೆ. ನಮ್ಮ ಮಲೆನಾಡಿನ ಹಿರಿಯರನ್ನು ಕೇಳಿದರೆ ‘ಅಯ್ಯೋ, ಇದು ನಮ್ಮ ಮುಯ್ಯಾಳು’ ಎಂದಾರು. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ದುಡ್ಡಿನ ಮಾತಿಲ್ಲ. ಆದರೆ ಲೆಕ್ಕವಿಲ್ಲ ಎಂದು ತಿಳಿಯಬೇಡಿ. ಯಾರ ಮನೆಯಿಂದ ಎಷ್ಟು ಹೊರೆ ಹುಲ್ಲು ಬಂತು, ಎಷ್ಟು ಮಾರು ಹಗ್ಗ, ಎಷ್ಟು ಆಳು ಎಂದು ಮನೆಮನೆಯಲ್ಲೂ ಕಡತ ಬರೆದಿಡುತ್ತಿದ್ದರು. ಅಜ್ಜನ ಕಾಲದಲ್ಲಿ ಪಡೆದ ಮುಯ್ಯಿಯನ್ನು ಮೊಮ್ಮಗ ತೀರಿಸಬೇಕು.

ಕೆಲಸದ ಸಿದ್ಧತೆ ಬಹಳ ಮೊದಲೇ ಶುರು. ಚಳಿಗಾಲಕ್ಕೆ ಮುಂಚೆ ಬೆಟ್ಟದ ಹುಲ್ಲುಗಾವಲಿನಲ್ಲಿ ಎತ್ತರದ ಹುಲ್ಲು ಕೊಯ್ದು ಒಣಗಿಸಿ ಕೂಡಿಡಬೇಕು. ವಸಂತ ಬಂದು ಹಿಮ ಕರಗಿದ ಮೇಲೆ ದಿನ ಗೊತ್ತುಮಾಡುತ್ತಾರೆ. ಹಳೆ ಹುಲ್ಲು ಕಿತ್ತರೆ ಮನೆಯ ಹೊಟ್ಟೆ ಆಕಾಶಕ್ಕೆ ತೆರೆದುಕೊಂಡಂತೆ. ಮಳೆ ಬರುವುದರೊಳಗೆ ಮುಚ್ಚಬೇಕು. ಆದ್ದರಿಂದ ನೂರು ಇನ್ನೂರು ಜನ ಕೂಡಿ, ಮಾಡಿನ ಒಂದು ಮೈಯನ್ನು ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಕಡಿದಾದ ಮಾಡಿನ ಮೇಲೆ ಜನ ಸಾಲಾಗಿ ನಿಂತು ಮರದ ಕೊಡತಿಯಿಂದ ಹುಲ್ಲನ್ನು ಬಡಿದು ಸಮಮಾಡುವುದು ದೂರದಿಂದ ನೋಡಿದರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಕಾಣುತ್ತದೆ. ಹುಲ್ಲು ಹೊಲಿಯಲು ಆಳುದ್ದದ ಮರದ ಸೂಜಿ! ಹೊರಗಿನವನು ಹಗ್ಗ ಪೋಣಿಸಿದ ಸೂಜಿಯನ್ನು ಹುಲ್ಲಿನೊಳಗೆ ಚುಚ್ಚಿದರೆ, ಅಟ್ಟದೊಳಗೆ ಕತ್ತಲಲ್ಲಿ ಕುಳಿತವನು ಹಗ್ಗವನ್ನು ತೊಲೆಗೆ ಸುತ್ತಿ ಹಿಂದಕ್ಕೆ ಕಳಿಸಬೇಕು. ಕೆಳಗೆ ಹೆಂಗಸರು ಅಷ್ಟೂ ಜನರಿಗೆ ಅಡುಗೆ ಮಾಡುತ್ತಾರೆ. 2001ರಲ್ಲಿ ಒಗಿಮಾಚಿಯ ನಾಗಾಸೆ ಮನೆತನದ ಐದಂತಸ್ತಿನ ಮನೆಗೆ ಹೊಸ ಹುಲ್ಲು ಹೊದಿಸಿದಾಗ ಸುಮಾರು 500 ಮಂದಿ ಸೇರಿದ್ದರು. ಊರವರು ಸಾಲದೆ ಹೊರಗಿನಿಂದ ಸ್ವಯಂಸೇವಕರೂ ಬಂದಿದ್ದರು.

ಇಂದು ಎಲ್ಲ ಮಾಡುಗಳೂ ಯುಯಿಯಿಂದ ನಡೆಯುತ್ತಿಲ್ಲ. ಅನೇಕ ಮನೆಗಳ ಕೆಲಸವನ್ನು ಕೂಲಿ ಪಡೆಯುವ ಕಸುಬುದಾರರೇ ಮಾಡುತ್ತಾರೆ. ವೆಚ್ಚದ ಬಹುಪಾಲನ್ನು ಸರ್ಕಾರ ಭರಿಸುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗದ್ದೆ ಬಿಟ್ಟು ಕಚೇರಿಗೆ ಹೋಗುವವನಿಗೆ ಪಕ್ಕದ ಮನೆಯ ಮಾಡಿಗೆಂದು ರಜೆ ಎಲ್ಲಿ ಸಿಗುತ್ತದೆ? ಒಲೆ ಉರಿಸುವುದೂ ಕಡಿಮೆಯಾಗಿದೆ. ಹೊಗೆಯಿಲ್ಲದೆ ಹುಲ್ಲು ಬೇಗ ಕೊಳೆಯುತ್ತದೆ. ಹಿಂದೆ ಒಂದು ತಲೆಮಾರು ಬಾಳುತ್ತಿದ್ದ ಮಾಡು ಈಗ ಅಷ್ಟು ಬಾಳುವುದಿಲ್ಲ.

ಮುಳುಗಿದ ಊರು, ಬದುಕಿದ ಮರ

ಕಣಿವೆಯ ಮೇಲೆ ವಿಪತ್ತು ಬಂದದ್ದು ಇದೇ ಮೊದಲಲ್ಲ. 1586ರ ಜನವರಿಯ ಒಂದು ರಾತ್ರಿ ಭಾರಿ ಭೂಕಂಪವಾಗಿ, ಬೆಟ್ಟವೇ ಕುಸಿದು, ಈ ಸೀಮೆಯನ್ನಾಳುತ್ತಿದ್ದ ಉಚಿಗಶಿಮಾ ವಂಶದ ಕೋಟೆ ಮತ್ತು ಅದರ ಬುಡದ ಪೇಟೆ ಮಣ್ಣಿನಡಿ ಹೂತುಹೋದವು. ಆದರೆ ಗಸ್ಶೋ ಮನೆಗಳನ್ನು ಅಳಿಸಿದ್ದು ಭೂಕಂಪವಲ್ಲ, ಎರಡನೆಯ ಮಹಾಯುದ್ಧದ ನಂತರದ ಅಭಿವೃದ್ಧಿ. ದೇಶಕ್ಕೆ ವಿದ್ಯುತ್ ಬೇಕಿತ್ತು. ಶೋ ನದಿಗೆ ಒಂದಾದ ಮೇಲೊಂದು ಅಣೆಕಟ್ಟು ಬಂತು. ಅವುಗಳಲ್ಲಿ ದೊಡ್ಡದು ಮಿಬೊರೊ. ಕಲ್ಲು ಮಣ್ಣು ಒಟ್ಟಿ ಕಟ್ಟಿದ 131 ಮೀಟರ್ ಎತ್ತರದ ಈ ಅಣೆಕಟ್ಟು 1961ರಲ್ಲಿ ಮುಗಿಯಿತು. ನೂರಾರು ಸಂಸಾರಗಳ ಮನೆ, ಗದ್ದೆ, ಗುಡಿ, ಶಾಲೆ ನೀರಿನಡಿ ಸೇರಿದವು. ‘ಪ್ರಾಣ ಹೋದರೂ ಬಿಡೆವು’ ಎನ್ನುವ ಅರ್ಥದ ಹೆಸರಿಟ್ಟುಕೊಂಡ ಸಂಘ ಕಟ್ಟಿ ಜನ ವರ್ಷಗಟ್ಟಲೆ ಹೋರಾಡಿದರು. 1959ರಲ್ಲಿ ಸಂಘವನ್ನು ವಿಸರ್ಜಿಸಿದರು.

ಅಣೆಕಟ್ಟು ಕಟ್ಟಿದ ವಿದ್ಯುತ್ ಕಂಪನಿಯ ಮೊದಲ ಅಧ್ಯಕ್ಷ ತಕಸಾಕಿ ತತ್ಸುನೊಸುಕೆ ಮುಳುಗಲಿರುವ ಊರನ್ನು ಸುತ್ತುವಾಗ ದೇವಾಲಯದ ಅಂಗಳದಲ್ಲಿ ಹಳೆಯ ಚೆರ್ರಿ ಮರವೊಂದನ್ನು ಕಂಡ. ಇದನ್ನಾದರೂ ಉಳಿಸಬೇಕು ಎನ್ನಿಸಿತಂತೆ. ನಾನ್ನೂರು ವರ್ಷ ದಾಟಿದ ಮರವನ್ನು ಬೇರು ಸಮೇತ ಎತ್ತಿ ಬೆಟ್ಟದ ಮೇಲೆ ನೆಡುವುದು ಹುಚ್ಚಾಟ ಎಂದವರೇ ಹೆಚ್ಚು. ಚೆರ್ರಿ ಮರದ ಕೊಂಬೆ ಕಡಿದರೆ ಕೊಳೆತುಹೋಗುತ್ತದೆ ಎಂದು ನಂಬಿಕೆ. ಆದರೂ ಚೆರ್ರಿ ತಜ್ಞ ಸಸಾಬೆ ಶಿಂತಾರೊ ಮುಂದಾಳುತನದಲ್ಲಿ 1960ರ ಚಳಿಗಾಲದ ಹೊಸ್ತಿಲಲ್ಲಿ ಎರಡು ದೇವಾಲಯಗಳ ಎರಡು ಮರಗಳನ್ನು ಕಬ್ಬಿಣದ ಜಾರುಬಂಡಿಯ ಮೇಲೆಳೆದು ಮೇಲಕ್ಕೆ ಸಾಗಿಸಿದರು. ಒಂದೊಂದೂ ಹತ್ತಾರು ಟನ್ ತೂಕ. ಮರುವಸಂತದಲ್ಲಿ ಬೋಳು ಕೊಂಬೆಗಳಲ್ಲಿ ಚಿಗುರು ಒಡೆಯಿತು. ಇಂದಿಗೂ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಜಲಾಶಯದ ದಂಡೆಯಲ್ಲಿ ಅವು ಹೂಬಿಡುತ್ತವೆ. ಊರು ಕಳೆದುಕೊಂಡವರು ಆ ಮರದಡಿ ಕೂಡುತ್ತಿದ್ದರು.

ಆ ದಾರಿಯ ಬಸ್ಸಿನಲ್ಲಿ ಸಾತೊ ರ್ಯೋಜಿ ಎಂಬ ಕಂಡಕ್ಟರ್ ಇದ್ದ. ನಗೋಯದಿಂದ ಕನಜಾವಾಕ್ಕೆ 266 ಕಿಲೋಮೀಟರಿನ ಹಾದಿ. ಮರ ಬದುಕಿದ್ದನ್ನು ಕಣ್ಣಾರೆ ಕಂಡ ಆತ ತನ್ನ ಬಸ್ಸು ಓಡಾಡುವ ಹಾದಿಯುದ್ದಕ್ಕೂ ಚೆರ್ರಿ ನೆಡುವ ಪಣತೊಟ್ಟ. ರಜೆಯ ದಿನಗಳಲ್ಲಿ, ಸ್ವಂತ ಸಂಬಳದಲ್ಲಿ, ಒಬ್ಬನೇ ಸುಮಾರು 2,000 ಸಸಿ ನೆಟ್ಟ. 1977ರಲ್ಲಿ, 47ರ ವಯಸ್ಸಿನಲ್ಲಿ ತೀರಿಕೊಂಡ. ಹಾದಿ ಇನ್ನೂ ಬಾಕಿಯಿತ್ತು.

‘ಮಾರೆವು, ಬಾಡಿಗೆಗೆ ಕೊಡೆವು, ಕೆಡಹೆವು’

ಅಣೆಕಟ್ಟಿನ ಪರಿಹಾರ, ಪಟ್ಟಣದ ಕೆಲಸ, ತಗಡಿನ ಮಾಡಿನ ಅನುಕೂಲ ಎಲ್ಲ ಸೇರಿ 1960ರ ದಶಕದಲ್ಲಿ ಗಸ್ಶೋ ಮನೆಗಳು ಬೇಗಬೇಗ ಮಾಯವಾದವು. ಕೆಲವನ್ನು ಪಟ್ಟಣದವರು ಕೊಂಡು, ಬಿಚ್ಚಿ, ಒಯ್ದು ಹೋಟೆಲು ಮಾಡಿಕೊಂಡರು. ಯೊಕೊಹಾಮಾದ ಸಂಕೆಯೆನ್ ಉದ್ಯಾನದಲ್ಲಿ, ಕವಾಸಾಕಿಯ ಬಯಲು ಸಂಗ್ರಹಾಲಯದಲ್ಲಿ ಇಲ್ಲಿಂದ ಹೋದ ಮನೆಗಳಿವೆ. ಕಜುರಾ ಎಂಬ ಒಳಕಾಡಿನ ಹಳ್ಳಿಯ ಜನ 1967ರಲ್ಲಿ ಒಟ್ಟಾಗಿ ಊರು ಬಿಟ್ಟರು. ಅವರ ಮನೆಗಳನ್ನು ಒಗಿಮಾಚಿಯ ಎದುರುದಡಕ್ಕೆ ತಂದು ನಿಲ್ಲಿಸಿದ್ದೇ ಇಂದಿನ ಬಯಲು ವಸ್ತುಸಂಗ್ರಹಾಲಯದ ಮೊದಲು. ಅಲ್ಲಿ ಒಲೆ, ನೇಗಿಲು, ರೇಷ್ಮೆ ತಟ್ಟೆ ಎಲ್ಲ ಓರಣವಾಗಿವೆ. ಜನ ಮಾತ್ರ ಇಲ್ಲ.

ಹೊಳೆಯ ಈಚೆ ದಡದ ಒಗಿಮಾಚಿಯವರು ಬೇರೆ ದಾರಿ ಹಿಡಿದರು. 1971ರಲ್ಲಿ ಊರವರೇ ಸಭೆ ಸೇರಿ ಒಂದು ಸಂಘ ಕಟ್ಟಿ ಮೂರು ಮಾತಿನ ಕಟ್ಟಳೆ ಮಾಡಿಕೊಂಡರು. ಮನೆ, ಗದ್ದೆ, ಕಾಡು ಯಾವುದನ್ನೂ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಹೊಸ ಕಿಟಕಿ ಇಡಬೇಕೆ, ಮರ ಕಡಿಯಬೇಕೆ, ಅಂಗಡಿಗೆ ಹಲಗೆ ತೂಗುಹಾಕಬೇಕೆ, ಮೊದಲು ಸಂಘದ ಮುಂದೆ ಹೋಗಬೇಕು. 1976ರಲ್ಲಿ ಸರ್ಕಾರ ಊರನ್ನು ಸಂರಕ್ಷಿತ ವಲಯವೆಂದು ಸಾರಿತು. ಯುನೆಸ್ಕೊ ಬಂದದ್ದು ಆ ಕಟ್ಟಳೆಯಾಗಿ ಇಪ್ಪತ್ತನಾಲ್ಕು ವರ್ಷಗಳ ಮೇಲೆ. ಈ ಕ್ರಮವನ್ನು ತಿರುಗುಮುರುಗು ಮಾಡಿ ಹೇಳುವ ಪ್ರವಾಸಿ ಪುಸ್ತಿಕೆಗಳೇ ಹೆಚ್ಚು.

ಹುಲ್ಲಿನ ಊರಿಗೆ ಬೆಂಕಿಯೇ ಯಮ. ಊರವರು ಇಂದಿಗೂ ಸರದಿಯ ಮೇಲೆ ದಿನವೂ ಕೇರಿ ಸುತ್ತಿ ಬೆಂಕಿಯ ಎಚ್ಚರಿಕೆ ಹೇಳುತ್ತಾರೆ. ಊರ ತುಂಬ ಐವತ್ತಕ್ಕೂ ಹೆಚ್ಚು ಕಡೆ ನೀರಿನ ಫಿರಂಗಿಗಳಿವೆ. ಬೆಟ್ಟದ ಮೇಲಿನ ತೊಟ್ಟಿಯಿಂದ ಇಳಿಜಾರಿನ ಒತ್ತಡಕ್ಕೇ ನೀರು ಬರುವುದರಿಂದ ವಿದ್ಯುತ್ ಹೋದರೂ ಚಿಂತೆಯಿಲ್ಲ. ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ, ಅಷ್ಟನ್ನೂ ಒಟ್ಟಿಗೆ ತೆರೆದು ಪರೀಕ್ಷೆ ಮಾಡುತ್ತಾರೆ. 2019ರ ನವೆಂಬರ್ 4ರಂದು ವಾಹನ ನಿಲ್ದಾಣದ ಬಳಿಯ ಎರಡು ಹುಲ್ಲುಮಾಡಿನ ಗುಡಿಸಲುಗಳಿಗೆ ಬೆಂಕಿ ಬಿತ್ತು. ನೀರಿನ ಫಿರಂಗಿಗಳು ಮಳೆ ಸುರಿಸಿದವು. ಬೆಂಕಿ ಹಳೆಯ ಮನೆಗಳ ತನಕ ಬರಲಿಲ್ಲ.

ಬೆಂಕಿಗಿಂತ ನಿಧಾನವಾಗಿ ಸುಡುವುದು ಇನ್ನೊಂದಿದೆ. 2008ರಲ್ಲಿ 10.7 ಕಿಲೋಮೀಟರ್ ಉದ್ದದ ಹಿದಾ ಸುರಂಗ ತೆರೆದು ಹೆದ್ದಾರಿ ಪೂರ್ಣಗೊಂಡಿತು. 2019ರಲ್ಲಿ ಶಿರಕಾವಕ್ಕೆ ಬಂದ ಪ್ರವಾಸಿಗರು 17 ಲಕ್ಷಕ್ಕೂ ಹೆಚ್ಚು. ಗ್ರಾಮದ ಜನಸಂಖ್ಯೆ ಸಾವಿರದ ಐನೂರರ ಆಸುಪಾಸು. ದಿನವೊಂದಕ್ಕೆ ಊರಿನ ಮೂರು ಪಟ್ಟು ಜನ ಬಂದು ಹೋದಂತಾಯಿತು. ಚಳಿಗಾಲದ ಕೆಲವು ಸಂಜೆ ಹಿಮ ಹೊದ್ದ ಮನೆಗಳಿಗೆ ದೀಪ ಹಾಯಿಸುವ ಉತ್ಸವಕ್ಕೆ 2019ರಿಂದ ಮುಂಗಡ ಕಾಯ್ದಿರಿಸದೆ ಪ್ರವೇಶವಿಲ್ಲ. ಬಂದವರಲ್ಲಿ ಬಹುಪಾಲು ಬೆಟ್ಟದ ಮೇಲಿನ ವೀಕ್ಷಣಾಸ್ಥಳದಿಂದ ಫೋಟೊ ತೆಗೆದು, ಐಸ್‌ಕ್ರೀಂ ತಿಂದು, ಎರಡು ತಾಸಿನಲ್ಲಿ ಬಸ್ಸು ಹತ್ತುತ್ತಾರೆ. ಇದೂ ಬಯಲು ಸಂಗ್ರಹಾಲಯವೇ ಇರಬೇಕೆಂದು ಯಾರದೋ ಮನೆಯ ಬಾಗಿಲು ಸರಿಸಿ ಒಳಗೆ ಇಣುಕುವವರೂ ಇದ್ದಾರೆ. ಒಳಗೆ ಮನೆಯವರು ಊಟಕ್ಕೆ ಕುಳಿತಿರುತ್ತಾರೆ.

ಆ ಮನೆಗಳ ಮಕ್ಕಳ ವಿಷಯ ಹೇಳಲೇಬೇಕು. ಗ್ರಾಮದಲ್ಲಿ ಒಂಬತ್ತನೆಯ ತರಗತಿಯವರೆಗೆ ಶಾಲೆಯಿದೆ. ಮುಂದಿನ ಹೈಸ್ಕೂಲು ಇಲ್ಲ. ಹದಿನೈದು ತುಂಬಿದೊಡನೆ ಓದಿಗಾಗಿ ಕಣಿವೆಯಾಚೆಯ ಊರುಗಳಿಗೆ ಹೋಗಬೇಕು. ಅನೇಕರಿಗೆ ಅದೇ ಮನೆ ಬಿಡುವ ವಯಸ್ಸು. ಅವರಲ್ಲಿ ಎಷ್ಟು ಜನ ಮರಳುತ್ತಾರೆ ಎನ್ನುವುದರ ಮೇಲೆ ಮುಂದಿನ ಮಾಡು ಯಾರು ಹೊದಿಸುತ್ತಾರೆ ಎನ್ನುವುದು ನಿಂತಿದೆ. ಶಾಲೆಯವರು ಇದನ್ನು ಅರಿತೇ ಗಣಿತ, ವಿಜ್ಞಾನದ ಜೊತೆಗೆ ಊರನ್ನೇ ಒಂದು ಪಾಠವಾಗಿ ಇಟ್ಟಿದ್ದಾರೆ. ‘ಗ್ರಾಮಸ್ಥರ ವಿದ್ಯೆ’ ಎಂದು ಅದರ ಹೆಸರಿಗೆ ಅರ್ಥ ಹೇಳಬಹುದು. ಹುಲ್ಲು ಹೊದಿಸುವ ಕೆಲಸಕ್ಕೆ ಹುಲ್ಲಿನ ಕಂತೆ ಹೊತ್ತು ಕೊಡಲು ಮೇಲಿನ ತರಗತಿಯ ಮಕ್ಕಳೂ ಬರುತ್ತಾರೆ. ಪರೀಕ್ಷೆಯ ಅಂಕ ಅದಕ್ಕೆ ಎಷ್ಟು ಎಂದು ನಮ್ಮಲ್ಲಿ ಮೊದಲು ಕೇಳುತ್ತೇವೇನೋ!

ಹೋಗುವವರಿಗೆ

ತಕಯಾಮಾ ಪಟ್ಟಣದಿಂದ ಒಗಿಮಾಚಿಗೆ ಬಸ್ಸಿನಲ್ಲಿ ಐವತ್ತು ನಿಮಿಷ, ಕನಜಾವಾದಿಂದ ಒಂದೂಕಾಲು ತಾಸಿನ ಹಾದಿ. ರೈಲು ಇಲ್ಲ. ಮಕ್ಕಳೊಂದಿಗೆ ಹೋಗುವ ತಂದೆತಾಯಿಗಳು ಸಾಧ್ಯವಾದರೆ ಒಂದು ರಾತ್ರಿ ಗಸ್ಶೋ ಮನೆಯಲ್ಲೇ ತಂಗಬೇಕು. ಕೆಲವು ಮನೆಯವರು ಅತಿಥಿಗಳನ್ನು ಇರಿಸಿಕೊಳ್ಳುತ್ತಾರೆ. ಕೊನೆಯ ಬಸ್ಸು ಹೊರಟ ಮೇಲೆ ಊರಿಗೆ ಊರೇ ಉಸಿರು ಬಿಟ್ಟಂತೆ ಆಗುತ್ತದೆ. ಗದ್ದೆಯ ಕಪ್ಪೆಗಳ ಸದ್ದು, ಓಣಿಯ ಪಕ್ಕದ ಕಾಲುವೆಯ ಸದ್ದು ಆಗಲೇ ಕೇಳುವುದು. ಹಗಲಲ್ಲಿ ವಾದಾ ಮನೆತನದ ಮನೆಯ ಅಟ್ಟ ಹತ್ತಿ, ಮೊಳೆಯಿಲ್ಲದ ಕಟ್ಟುಗಳನ್ನು ಕೈಯಳತೆಯಲ್ಲಿ ನೋಡಬಹುದು. ಈ ಮನೆತನದವರು ಊರಿನ ಮುಖ್ಯಸ್ಥರೂ ಪೆಟ್ಲುಪ್ಪಿನ ವ್ಯಾಪಾರಿಗಳೂ ಆಗಿದ್ದವರು.

ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು. ಹೊಳೆಮೀನು ಮತ್ತು ಮೀನಿನ ಸಾರು ಎಲ್ಲದರಲ್ಲೂ ಇಣುಕುತ್ತವೆ. ಗೊಕಯಾಮಾದ ಸೋಯಾ ಗಿಣ್ಣು ಮಾತ್ರ ಎಷ್ಟು ಗಟ್ಟಿಯೆಂದರೆ ಅದನ್ನು ಹಗ್ಗದಲ್ಲಿ ಕಟ್ಟಿ ತೂಗುಹಾಕಿಕೊಂಡು ಬರಬಹುದು. ನನ್ನನ್ನು ಕೇಳಿದರೆ, ಒಂದೇ ಹಳ್ಳಿ ನೋಡಲು ಸಮಯವಿದೆ ಎನ್ನುವವರು ಒಗಿಮಾಚಿಯನ್ನು ಬಿಟ್ಟು ಐನೊಕುರಾಕ್ಕೆ ಹೋಗಲಿ. ಮನೆಗಳು ಕಡಿಮೆ, ಅಂಗಡಿಗಳು ಇನ್ನೂ ಕಡಿಮೆ. ಊರ ಹಿಂದಿನ ಇಳಿಜಾರಿನಲ್ಲಿ ಮಾಡಿಗೆ ಬೇಕಾದ ಹುಲ್ಲು ಬೆಳೆಯುವುದೂ ಕಾಣುತ್ತದೆ. ಮೇ ಮೊದಲ ವಾರ ಹೋದರೆ ಮಿಬೊರೊ ಜಲಾಶಯದ ದಂಡೆಯ ಆ ಎರಡು ಮರಗಳು ಹೂವಿನಲ್ಲಿರುತ್ತವೆ. ಕೊಂಬೆಗಳಿಗೆ ಈಗ ಊರುಗೋಲು ಕೊಟ್ಟಿದ್ದಾರೆ.